ಸೀಟಿನ ಹೊಲಿಗೆ ನೋಡಿ ಕಾರು ಕೊಂಡ ದರ್ಜಿ

ದರ್ಜಿಯ ಕಾರು ಅಂಗಡಿ ಮುಂದೆ ನಿಂತಿದೆ. ನಿಂತೇ ಇದೆ. ಒಳಗೆ ಅವನ ಹೆಂಡತಿ ಶಾಲೆಯ ಸಮವಸ್ತ್ರದ ಅಂಗಿಗಳಿಗೆ ಗುಂಡಿ ತೂರುವ ಕಾಜಾಗಳನ್ನು ಕೈಯಲ್ಲೇ ಹೊಲಿಯುತ್ತಿದ್ದಾಳೆ. ಕಾಜಾ ಮಷಿನ್ ಇದ್ದ ಜಾಗದಲ್ಲಿ ಈಗ ಅದರ ಕಾಲಿನ ಗುರುತು ಮಾತ್ರ. ದರ್ಜಿ ಅತ್ತ ನೋಡದೆ ಕತ್ತರಿ ಆಡಿಸುತ್ತಾನೆ.

ಬಟ್ಟೆಗಂಟು ಹಿಡಿದು ಬೈಕಿನ ಹಿಂದೆ ಕೂತು ಕೂತು ಅವಳ ಸೊಂಟ ಹಿಡಿದಿತ್ತು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳೋಣ ಎಂದುಕೊಂಡರು. ಹಣ ಸಾಲಲಿಲ್ಲ. ಅವಳೇ ತನ್ನ ಕಾಜಾ ಮಷಿನ್ ಮಾರಿದಳು. "ಗಾಡಿ ಬರ್ಲಿ ರೀ, ಕೆಲಸ ಹೆಚ್ಚಾದ್ರೆ ಇನ್ನೊಂದು ತಗೋಬಹುದು" ಎಂದಿದ್ದಳು.

ಟ್ಯಾಕ್ಸಿ ಓಡಿಸುವ ದರ್ಜಿಯ ಅಕ್ಕ ಮೊದಲೇ ಹೇಳಿದ್ದಳು: "ಒಬ್ಬನೇ ಹೋಗ್ಬೇಡ ಕಣೋ. ಭಾನುವಾರ ನಾನೂ ಬರ್ತೀನಿ."

ಅಷ್ಟು ತಾಳ್ಮೆ ಯಾರಿಗಿದೆ! "ಸಂಜೆ ಇನ್ನೊಂದು ಪಾರ್ಟಿ ಬರ್ತಿದೆ" ಎಂದು ಕಾರು ಮಾರುವವನು ಫೋನಿನಲ್ಲಿ ಹೇಳಿದ್ದೇ ತಡ, ನಮ್ಮ ದರ್ಜಿ ಓಡಿದ. ಕಾರಿನ ಬಾಗಿಲು ತೆಗೆದರೆ ಮೊದಲು ಕಣ್ಣಿಗೆ ಬಿದ್ದದ್ದು ಸೀಟಿನ ಕವರು. ಜೋಡಿ ಹೊಲಿಗೆ, ಎಲ್ಲೂ ಸುಕ್ಕಿಲ್ಲ. ಬೆರಳಾಡಿಸಿ ಮರುಳಾದ. ಸೀಟನ್ನೇ ಇಷ್ಟು ಜೋಪಾನ ಮಾಡಿದವನು ಇಂಜಿನ್ ಕೆಡಿಸಿರುತ್ತಾನೆಯೇ? ಕೇಳಿದ ಬೆಲೆಗೆ ತುಟಿಪಿಟಿಕ್ಕೆನ್ನದೆ ಒಪ್ಪಿಬಿಟ್ಟ.

ಭಾನುವಾರ ಅಕ್ಕ ಬರುವಷ್ಟರಲ್ಲಿ ಕಾರು ಎರಡು ಸಲ ದಾರಿಯಲ್ಲೇ ಕೈಕೊಟ್ಟಿತ್ತು.

"ಇದೇ ಮಾಡೆಲ್ಲು, ಇದೇ ವರ್ಷದ್ದು, ಬೇರೆ ಕಡೆ ಎಷ್ಟಕ್ಕೆ ಹೋಗ್ತಿದೆ ಅಂತ ವಿಚಾರಿಸಿದ್ಯಾ?"

"ಇಲ್ಲ."

"ಸರ್ವೀಸ್ ಮಾಡಿಸಿದ ಬಿಲ್ಲು?"

"ಕೇಳ್ಲಿಲ್ಲ. ಆದ್ರೂ ಅಕ್ಕಾ, ಕಡಿಮೆ ಓಡಿರೋ ಗಾಡಿ. ಮೀಟರ್ ನೋಡು!"

"ಮೀಟರ್ ಹಿಂದಕ್ಕೆ ತಿರುಗಿಸೋರೂ ಇದಾರೆ. ಕಾಲ ಕೆಳಗೆ ನೋಡು."

ಬ್ರೇಕ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿತ್ತು. ಅಕ್ಕ ಸೀಟಿನ ಕವರು ಎಳೆದಳು. ಒಳಗಿನ ಹಳೆಯ ಸೀಟು ಹರಿದು ತಗ್ಗುಬಿದ್ದಿತ್ತು.

"ಕಡಿಮೆ ಓಡಿದ ಗಾಡಿ ಹಿಂಗಿರತ್ತಾ? ಕ್ಲಚ್ಚು, ಟೈರು ಎಲ್ಲಾ ಹೊಸದು ಹಾಕಿಸ್ಬೇಕು. ಆ ಖರ್ಚನ್ನ ಬೆಲೇಲಿ ಕಳೀಬೇಕಿತ್ತು. ಅಂಗಿ ತಗೊಳ್ಳೋವಾಗ ಒಳಭಾಗ ತಿರುಗಿಸಿ ನೋಡಿ ಅಂತ ಬಂದೋರಿಗೆಲ್ಲ ಹೇಳ್ತೀಯಲ್ಲೋ ತಮ್ಮಾ!"

ದರ್ಜಿ ಮೊಬೈಲ್ ಕೈಗೆತ್ತಿಕೊಂಡ. ಮಾರಿದವನಿಗೆ ಫೋನ್ ಮಾಡಿದರೆ, "ನೋಡೇ ತಗೊಂಡ್ರಲ್ಲಾ" ಎಂದು ಇಟ್ಟುಬಿಟ್ಟ.

"ಹೋಗ್ಲಿ ಬಿಡಿ" ಎಂದಳು ಹೆಂಡತಿ. ಅವಳು ನಾಲ್ಕು ಮಾತು ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಅವನಿಗೆ. "ಇನ್ಮೇಲೆ ಅತ್ತಿಗೆ ನೋಡ್ದೆ ಒಂದು ಸೈಕಲ್ಲೂ ಬೇಡ, ಆಯ್ತಾ?"

"ಆಯ್ತು ಕಣೇ" ಎಂದ. ಆಮೇಲೆ ಅವಳ ಪಕ್ಕ ಕೂತು, ತಾನೂ ಒಂದು ಸೂಜಿಗೆ ದಾರ ಪೋಣಿಸಿಕೊಂಡ.

ಹಳೆಯ ಕಾರು ಕೊಳ್ಳಲು ಹೊರಟಿರುವ ಅಣ್ಣಂದಿರೇ, ಅಕ್ಕಂದಿರೇ, ಅಂಥದೇ ಗಾಡಿಯ ಬೆಲೆಯನ್ನು ಮೂರ್ನಾಲ್ಕು ಕಡೆ ವಿಚಾರಿಸಿ. ಬಿಲ್ಲು, ಇನ್ಶೂರೆನ್ಸ್ ಕೇಳಿ ನೋಡಿ. ನಿಮಗೆ ಗೊತ್ತಿರುವ ಮೆಕ್ಯಾನಿಕ್‌ಗೆ ತೋರಿಸಿ, ರಿಪೇರಿ ಖರ್ಚು ಕಳೆದೇ ಬೆಲೆ ಮಾತಾಡಿ. ಅಷ್ಟರಲ್ಲಿ ಆ ಇನ್ನೊಂದು ಪಾರ್ಟಿ ಬಂದು ಕೊಂಡುಹೋದರೆ ಹೋಗಲಿ. ಗಾಡಿ ಬೇರೊಂದು ಸಿಗುತ್ತದೆ. ದರ್ಜಿಯ ಹೆಂಡತಿಗೆ ಕಾಜಾ ಮಷಿನ್ ಇನ್ನೂ ಸಿಕ್ಕಿಲ್ಲ.