ಗಂಟಕ್ಕನ ಜಾಣಕಿವುಡು

ಸೂಜಿ ಎಂಬುದು ಅವಳ ನಿಜವಾದ ಹೆಸರಲ್ಲ. ಕಸೂತಿ ಮಾಡುವವರ ಆನ್‌ಲೈನ್ ಗುಂಪಿಗೆ ಸೇರುವಾಗ ಏನಾದರೊಂದು ಹೆಸರು ಕೊಡಬೇಕಿತ್ತು, ಕೈಯಲ್ಲಿ ಸೂಜಿ ಇತ್ತು, ಅದನ್ನೇ ಕೊಟ್ಟಳು. ಅದು ಎಷ್ಟು ಬಲವಾಗಿ ಅಂಟಿತೆಂದರೆ ಈಚೆಗೆ ಅವಳ ಅಮ್ಮನೂ ಫೋನಿನಲ್ಲಿ "ಏನೇ ಸೂಜಿ" ಎಂದು ಹಾಸ್ಯ ಮಾಡುತ್ತಿದ್ದಳು.

ಹೊಟ್ಟೆಪಾಡಿಗೆ ಅವಳದು ಕಿವಿ ಪರೀಕ್ಷೆ ಮಾಡುವ ಕೆಲಸ. ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಹೊರಗಿನ ಸದ್ದು ಹೊಗದ, ಬೀರುವಿನಂಥ ಗೂಡೊಂದಿತ್ತು. ಅದರೊಳಗೆ ಜನರನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸಣ್ಣ ಸಣ್ಣ ಸದ್ದು ಕಳಿಸುವುದು. ಕೇಳಿಸಿದಾಗ ಅವರು ಕೈಯಲ್ಲಿನ ಗುಂಡಿ ಒತ್ತುವುದು. ಗೂಡಿನಿಂದ ಹೊರಗೆ ಬಂದ ಮೇಲೆ ಅಜ್ಜ ಅಜ್ಜಿಯರೊಂದಿಗೆ ಗಂಟಲು ಹರಿಯುವ ಹಾಗೆ ಕೂಗುವುದು. "ಅಜ್ಜಾ, ಈ ಮಿಷನ್ನು ಕಿವಿಗೆ ಹಾಕ್ಕೊಳೋಕೆ, ಕಿಸೆಯಲ್ಲಿ ಇಟ್ಕೊಳೋಕಲ್ಲ!" ಸಂಜೆಯ ಹೊತ್ತಿಗೆ ಗಂಟಲು ಸೋತು ಹೋಗಿರುತ್ತಿತ್ತು. ಹಾಗಾಗಿ ಮನೆಯಲ್ಲಿ ಅವಳು ಪಿಸುಮಾತಿನವಳು. ಒಂದು ಕೋಣೆ, ಒಂದು ಪುಟ್ಟ ಅಡುಗೆಮನೆ, ಬಟ್ಟೆ ಒಣಗಿಸುವಷ್ಟು ಬಾಲ್ಕನಿ. ಬಾಗಿಲು ಹಾಕಿ ಬಟ್ಟೆಯ ಚೌಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರೆ ಅವಳಿಗೆ ಹೋದ ಜೀವ ಬಂದ ಹಾಗೆ.

ಗಂಟಕ್ಕ ಸಿಕ್ಕಿದ್ದು ಆ ಕಸೂತಿ ಗುಂಪಿನಲ್ಲಿ. ದಾರದ ಗಂಟುಗಳಿಂದಲೇ ಹೂವು, ಹಕ್ಕಿ, ಮೋಡ ಎಲ್ಲ ಎಬ್ಬಿಸುವ ಕೈ ಅವಳದು. ಅದಕ್ಕೇ ಆ ಹೆಸರು. ಐವತ್ತರ ಹತ್ತಿರದವಳು, ಶಾಲೆಯೊಂದರಲ್ಲಿ ಹೊಲಿಗೆ ಟೀಚರ್, ಬೇರೆ ಊರಿನಲ್ಲಿ ತಮ್ಮನ ಮನೆಯಲ್ಲಿದ್ದವಳು. ಮೊದಲು ದಾರದ ಬಣ್ಣ ಕೇಳಲು ಶುರುವಾದ ಮಾತು ಆಮೇಲೆ ದಿನಕ್ಕೊಂದು ಧ್ವನಿ ಸಂದೇಶವಾಯಿತು. ವರ್ಷ ತುಂಬುವುದರೊಳಗೆ 'ನೀವು' ಹೋಗಿ 'ನೀನು' ಬಂತು. ಸೂಜಿ ಊರೂರಿಗೆ ಕಿವಿ ಪರೀಕ್ಷೆಯ ಕ್ಯಾಂಪಿಗೆ ಹೋದಾಗ ಅಲ್ಲಿನ ಬಾಗಿಲು, ಮೆಟ್ಟಿಲು, ಒಣಹಾಕಿದ ಸೀರೆಗಳ ಫೋಟೋ ಕಳಿಸುವಳು. "ಆ ಬಾಗಿಲಿನ ಬಣ್ಣದ ದಾರ ನನ್ನ ಹತ್ರ ಇದೆ ಕಣೆ, ಕಳಿಸ್ಲಾ?" ಎಂದು ಗಂಟಕ್ಕ ಕೇಳುವಳು. ಲಾಡ್ಜಿನ ಕೋಣೆಯಲ್ಲಿ ಒಬ್ಬಳೇ ಮಲಗಿ ಆ ದನಿ ಕೇಳುವಾಗ ಸೂಜಿಗೆ ಒಡಹುಟ್ಟಿದ ಅಕ್ಕ ಇಲ್ಲದ ಕೊರತೆಯೇ ನೀಗಿದಂತಾಗುತ್ತಿತ್ತು.

ಹಾಗಿರುವಾಗ ಒಂದು ದಿನ ಗಂಟಕ್ಕ, "ಕೆಲಸ ಬಿಟ್ಟೆ ಕಣೆ. ಈಗಿನ ಮಕ್ಕಳು ಬಾಯೊಳಗೇ ಗುಣುಗುಡ್ತಾವೆ, ಕೇಳಿದ್ರೆ ಕಿಸಕ್ ಅಂತ ನಗ್ತಾವೆ. ಸಾಕಾಯ್ತು," ಎಂದಳು. ದನಿ ಒಡೆದಂತಿತ್ತು. ಸೂಜಿ ಹಿಂದೆಮುಂದೆ ನೋಡಲಿಲ್ಲ. "ಬಾ ಅಕ್ಕಾ, ನಾಲ್ಕು ದಿನ ನನ್ನ ಹತ್ರ ಇದ್ದು ಹೋಗು," ಎಂದುಬಿಟ್ಟಳು.

ಗಂಟಕ್ಕ ಗಂಟುಮೂಟೆ ಸಮೇತ ಬಂದಳು. ಎರಡು ಸೂಟ್‌ಕೇಸು, ದಾರದ ಡಬ್ಬಿಗಳ ಒಂದು ಚೀಲ, ಮೇಲೆ ಒಂದು ಹೊಲಿಗೆ ಮಿಷನ್ನು. ನಾಲ್ಕು ದಿನಕ್ಕೆ ಮಿಷನ್ನು ಯಾಕೆ ಎಂದು ಸೂಜಿಯ ಮನಸ್ಸು ಕೇಳಿತು. ಬಾಯಿ ಮಾತ್ರ, "ಬನ್ನಿ ಅಕ್ಕಾ, ಒಳಗೆ ಬನ್ನಿ," ಎಂದಿತು. ಫೋನಿನಲ್ಲಿ ಇದ್ದ 'ನೀನು' ಎದುರಿಗೆ ನಿಂತಾಗ ಎಲ್ಲಿ ಹೋಯಿತೋ!

ಮೊದಲ ವಾರ ಹಬ್ಬವೇ. ಇಬ್ಬರೂ ಕೂತು ಒಂದೇ ಬಟ್ಟೆಯ ಎರಡು ಮೂಲೆ ಹಿಡಿದು ಹೊಲಿದರು. ಆಮೇಲೆ ತಿಳಿಯಿತು, ಗಂಟಕ್ಕನ ಮಾತಿಗೆ ಪೂರ್ಣವಿರಾಮವಿಲ್ಲ ಎಂದು. ಎದ್ದಾಗಿನಿಂದ ದೀಪ ಆರಿಸುವವರೆಗೆ ಮಾತು. ತಮ್ಮನ ಹೆಂಡತಿ ಮಾತು, ಶಾಲೆಯ ಮಾತು, ಹಾಲಿನ ಮಾತು, ಕೆಳಗಿನ ಮನೆಯ ಬೆಕ್ಕಿನ ಮಾತು. ಟೀವಿ ಹಚ್ಚಿದರೆ ಬೀದಿಗೆಲ್ಲ ಕೇಳಬೇಕು. ಸೂಜಿ ಬಾಯಿ ತೆರೆಯುವುದರೊಳಗೆ ಇವಳು ಇನ್ನೊಂದು ಕಥೆ ಎತ್ತಿಕೊಂಡಿರುತ್ತಿದ್ದಳು. ಅಡುಗೆಮನೆಯ ಡಬ್ಬಿಗಳು ಜಾಗ ಬದಲಾಯಿಸಿದವು. ಸೂಜಿ ಕೂರುತ್ತಿದ್ದ ಕಿಟಕಿಯ ಮೂಲೆಗೆ ಹೊಲಿಗೆ ಮಿಷನ್ನು ಬಂದು ಕೂತಿತು. ಅಕ್ಕಪಕ್ಕದವರು ರವಿಕೆ ಹೊಲಿಸಲು ಬರತೊಡಗಿದರು. ಬಾಗಿಲು ತಟ್ಟಿದವರು, "ಗಂಟಕ್ಕ ಇಲ್ವಾ?" ಎಂದು ಮನೆಯವಳನ್ನೇ ಕೇಳಿದರು!

ಒಂದು ತಿಂಗಳು ಕಳೆಯಿತು. ಹೋಗುವ ಸುದ್ದಿಯೇ ಇಲ್ಲ. ಸೂಜಿ ಉಪಾಯವಾಗಿ ಮಾತೆತ್ತಿದಳು. ಪಾತ್ರೆ ತೊಳೆಯುತ್ತಾ, ಮುಖ ತಿರುಗಿಸದೆ, ಮೆಲ್ಲಗೆ ಅಂದಳು: "ಅಕ್ಕಾ, ನಿಮ್ಮ ತಮ್ಮನ ಮನೇಲಿ ಕಾಯ್ತಿರ್ತಾರೇನೋ?"

"ಆಗ್ಲೇ ಕಾಯಿಸಿಟ್ಟಿದ್ದೀನಿ ಕಣೆ, ಒಲೆ ಮೇಲಿದೆ. ಬಿಸಿಬಿಸಿ ಕುಡಿದುಬಿಡು," ಎಂದಳು ಗಂಟಕ್ಕ, ಹಾಲಿನ ಪಾತ್ರೆಯತ್ತ ಕೈ ತೋರಿಸಿ.

ಇನ್ನೊಂದು ದಿನ, "ಊರ ಕಡೆಗೆ ಟಿಕೆಟ್ ನೋಡ್ಲಾ ಅಕ್ಕಾ?" ಎಂದರೆ, "ಹೂಂ, ಆ ಬಕೆಟ್ ಒಡೆದಿದೆ, ಹೊಸದು ತರಬೇಕು," ಎಂಬ ಉತ್ತರ.

ಅಬ್ಬಾ ಜಾಣಕಿವುಡೇ, ಎಂದುಕೊಂಡಳು ಸೂಜಿ. ತನಗೆ ಬೇಡದ ಮಾತು ಇವಳ ಕಿವಿಗೆ ಬೀಳುವುದೇ ಇಲ್ಲ! ಗಂಟಕ್ಕ ನಿಜಕ್ಕೂ ಗಂಟು ಬಿದ್ದಳು ಎಂದು ಅವಳಿಗೆ ಖಾತ್ರಿಯಾಯಿತು. ಬಾಯಿಬಿಟ್ಟು 'ಹೋಗು' ಎನ್ನಲು ನಾಲಿಗೆ ಏಳದು. ಅಮ್ಮನಿಗೆ ಹೇಳಿಕೊಂಡರೆ ಅವಳದೇ ಬೇರೆ ರಾಗ. "ನಿನ್ನ ಜೊತೆ ದೊಡ್ಡವರು ಒಬ್ರು ಇದ್ದಾರಲ್ಲ ಅಂತ ನಾನು ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದೀನಿ ಕಣೆ. ಬಿಸಿ ಊಟ ಸಿಗ್ತಿದೆ, ಇನ್ನೇನು ಬೇಕು ನಿಂಗೆ?"

ಇನ್ನೇನು ಬೇಕು ಎಂದರೆ ಏನು ಹೇಳುವುದು? ಸುಮ್ಮನೆ ಇರುವುದು ಬೇಕು ಎಂದರೆ ಯಾರಿಗೆ ಅರ್ಥವಾದೀತು? ಒಳ್ಳೆಯತನದಿಂದ ಕಟ್ಟಿಹಾಕಿದರೆ ಬಿಡಿಸು ಎಂದು ಕೂಗಲೂ ಆಗುವುದಿಲ್ಲ. ಸಂಜೆ ಕ್ಲಿನಿಕ್ಕು ಮುಗಿದ ಮೇಲೆ ಅವಳು ಆ ಸದ್ದು ಹೊಗದ ಗೂಡಿನೊಳಗೆ ಹೋಗಿ ಬಾಗಿಲೆಳೆದು ಕೂರಲು ಶುರುಮಾಡಿದಳು. ಒಮ್ಮೆ ರಿಸೆಪ್ಷನ್ನಿನ ಹುಡುಗಿ ಬೀಗ ಹಾಕಲು ಬಂದವಳು ನೋಡಿ ಬೆಚ್ಚಿಬಿದ್ದಳು. "ಇದೇನೇ, ಮನೆ ಇಲ್ವಾ ನಿಂಗೆ?"

"ಇದೆ. ಅಲ್ಲಿ ನನಗೆ ಜಾಗ ಇಲ್ಲ," ಎಂದಳು ಸೂಜಿ. ಅಂದಿನಿಂದ ಆ ಹುಡುಗಿಯೇ ಅವಳ ದೂರು ಪೆಟ್ಟಿಗೆ. ಮನೆಗೆ ಹೋದ ಮೇಲೂ ಸೂಜಿ ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಅವಳ ಹತ್ತಿರ ಪಿಸಪಿಸ ಎಂದು ಗಂಟಕ್ಕನ ಮೇಲೆ ದೂರುವಳು. ಒಳಗೆ ಟೀವಿ ಅಬ್ಬರಿಸುತ್ತಿರುವುದರಿಂದ ಭಯವೇನೂ ಇರಲಿಲ್ಲ.

ಉಳಿದಿದ್ದ ಒಂದೇ ಬಿಡುಗಡೆ ಎಂದರೆ ಕ್ಯಾಂಪು. ಮೊದಲು ಬಸ್ಸಿನ ಪ್ರಯಾಣ ಎಂದರೆ ಸೊಂಟ ನೋವು ಎನ್ನುತ್ತಿದ್ದವಳು ಈಗ ಡಾಕ್ಟರ ಹತ್ತಿರ ತಾನೇ ಹೋಗಿ, "ಸರ್, ಈ ಸಲದ ಕ್ಯಾಂಪಿಗೂ ನನ್ನನ್ನೇ ಕಳಿಸಿ," ಎಂದಳು. ಗುರುತಿಲ್ಲದ ಊರು, ಬಿಳಿ ಗೋಡೆ, ಒಳಗಿನಿಂದ ಚಿಲಕ. ಆದರೆ ಅದಕ್ಕೂ ಕಲ್ಲು ಬಿತ್ತು. ಗಂಟಕ್ಕ ಊಟದ ಡಬ್ಬಿ ಕೊಡುವ ನೆಪದಲ್ಲಿ ಕ್ಲಿನಿಕ್ಕಿಗೆ ಬಂದು, ಡಾಕ್ಟರನ್ನು ಮಾತಾಡಿಸಿ, ಕಾದು ಕೂತಿದ್ದ ರೋಗಿಗಳನ್ನೆಲ್ಲ ನಗಿಸಿ ಹೋದಳು. ಡಾಕ್ಟರು ಖುಷಿಯಾಗಿ, "ಇವರನ್ನೂ ಕ್ಯಾಂಪಿಗೆ ಕರ್ಕೊಂಡು ಹೋಗಮ್ಮ. ಜನ ಸೇರಿಸೋಕೆ ಇಂಥವರೇ ಬೇಕು," ಎಂದುಬಿಟ್ಟರು. ಬಸ್ಸಿನ ದಾರಿಯುದ್ದಕ್ಕೂ ಸೂಜಿ ಕಿಟಕಿಗೆ ತಲೆಯಾನಿಸಿ ನಿದ್ದೆಯ ನಟನೆ ಮಾಡಿದಳು. ಪಕ್ಕದಲ್ಲಿ ಗಂಟಕ್ಕ ಮಾತಾಡುತ್ತಲೇ ಇದ್ದಳು.

ಕ್ಯಾಂಪು ಒಂದು ಶಾಲೆಯ ಕೊಠಡಿಯಲ್ಲಿ. ಬಂದವರು ಬಾಗಿಲಲ್ಲೇ ಗುಂಪಾಗಿ ನಿಂತರು. ಕಿವಿ ಕೇಳಿಸುವುದಿಲ್ಲ ಎಂದು ಊರವರ ಮುಂದೆ ಒಪ್ಪಿಕೊಳ್ಳಲು ಯಾರಿಗೂ ಮನಸ್ಸಿಲ್ಲ. ನೀನು ಹೋಗು, ನೀನು ಹೋಗು ಎಂದು ಒಬ್ಬರನ್ನೊಬ್ಬರು ತಳ್ಳುತ್ತಿದ್ದರು. ಗಂಟಕ್ಕ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ಇದರಲ್ಲೇನು ನಾಚಿಕೆ? ಇಲ್ಲಿ ನೋಡಿ, ನಾನೇ ಮೊದಲು ಕೂತ್ಕೋತೀನಿ. ಹಾಕೇ ಸೂಜಿ!"

ಸೂಜಿ ಹೆಡ್‌ಫೋನ್ ಹಾಕಿ ಸಣ್ಣ ಸದ್ದು ಕಳಿಸಿದಳು. ಗಂಟಕ್ಕ ನಗುಮುಖದಿಂದ ಕಾಯುತ್ತಿದ್ದಳು, ಗುಂಡಿ ಒತ್ತಲಿಲ್ಲ. ಸೂಜಿ ಸದ್ದು ಏರಿಸಿದಳು. ಇಲ್ಲ. ವೈರು ಕಳಚಿರಬೇಕೆಂದು ಹೆಡ್‌ಫೋನನ್ನು ತನ್ನ ಕಿವಿಗೆ ಹಾಕಿ ನೋಡಿದಳು. ಸದ್ದು ಚುಚ್ಚುವಷ್ಟು ಜೋರಾಗಿತ್ತು. ಮತ್ತೆ ಗಂಟಕ್ಕನ ಕಿವಿಗೆ ಹಾಕಿ ಏರಿಸಿದಳು, ಇನ್ನೂ ಏರಿಸಿದಳು. ಬಾಗಿಲಲ್ಲಿ ನಿಂತವರಿಗೇ ಹೆಡ್‌ಫೋನಿನ ಸದ್ದು ಕೇಳುವ ಹೊತ್ತಿಗೆ ಗಂಟಕ್ಕ ಪಟಕ್ಕನೆ ಗುಂಡಿ ಒತ್ತಿ, "ಹಾಂ, ಈಗ ಶುರುವಾಯ್ತು!" ಎಂದಳು. ಜನ ಚಪ್ಪಾಳೆ ತಟ್ಟಿದರು.

ಸೂಜಿ ಹೆಡ್‌ಫೋನನ್ನು ಮೆಲ್ಲಗೆ ತೆಗೆದಳು. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇದಕ್ಕೇ. ಊರವರ ಕಿವಿ ನೋಡುವವಳು ತನ್ನ ಮನೆಯೊಳಗಿನ ಕಿವಿ ನೋಡಿರಲಿಲ್ಲ. ಜಾಣಕಿವುಡಲ್ಲ, ನಿಜವಾದ ಕಿವುಡು. ಎದುರಿನವರು ಏನಂದರೆಂದು ತಿಳಿಯದವರು ತಾವೇ ಮಾತಾಡುತ್ತಾ ಹೋಗುತ್ತಾರೆ, ಉತ್ತರ ಕೊಡುವ ಸಂಕಟವಾದರೂ ತಪ್ಪಲಿ ಎಂದು. ಈ ಮಾತನ್ನು ರೋಗಿಗಳ ಮನೆಯವರಿಗೆ ಎಷ್ಟು ಸಲ ತಾನೇ ಹೇಳಿರಲಿಲ್ಲ!

ಮಧ್ಯಾಹ್ನ ಜನ ಕರಗಿದ ಮೇಲೆ ಮಕ್ಕಳ ಬೆಂಚಿನಲ್ಲಿ ಗಂಟಕ್ಕನ ಎದುರಿಗೆ ಕೂತು, ಮುಖಕ್ಕೆ ಮುಖ ಕೊಟ್ಟು, ಬಿಡಿಸಿ ಹೇಳಿದಳು. ಗಂಟಕ್ಕ ಮೊದಲು ಒಪ್ಪಲಿಲ್ಲ. "ಹೋಗೇ, ನಿನ್ನ ಮಿಷನ್ನೇ ಕೆಟ್ಟಿದೆ. ನಿನ್ನ ಮಾತು ನಂಗೆ ಫೋನಲ್ಲಿ ಎಷ್ಟು ಚೆನ್ನಾಗಿ ಕೇಳಿಸ್ತಿತ್ತು!"

"ಫೋನಲ್ಲಿ ಪೂರ್ತಿ ಜೋರು ಇಟ್ಕೊಂಡು, ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ರಿ ಅಲ್ವಾ ಅಕ್ಕಾ? ಒಂದೇ ಮಾತನ್ನ ಎರಡೆರಡು ಸಲ?"

 ಗಂಟಕ್ಕ ಡೆಸ್ಕಿನ ಮೇಲೆ ಯಾವುದೋ ಮಗು ಕೊರೆದಿದ್ದ ಗೆರೆಗಳ ಮೇಲೆ ಬೆರಳಾಡಿಸುತ್ತಾ ಕೂತಳು. ಆಮೇಲೆ, "ತಮ್ಮನ ಮನೇಲಿ ನಾನು ಒಳಗೆ ಬಂದ ತಕ್ಷಣ ಎಲ್ಲರೂ ದನಿ ತಗ್ಗಿಸ್ತಾರೆ ಅಂದ್ಕೊಂಡಿದ್ದೆ ಕಣೆ. ನನ್ನ ಮೇಲೆ ಏನೋ ಇಟ್ಕೊಂಡಿದ್ದಾರೆ ಅಂತ ಜಗಳ ಮಾಡ್ಕೊಂಡು ಬಂದೆ," ಎಂದಳು.

ಕ್ಲಿನಿಕ್ಕಿನಲ್ಲಿ ಅವಳ ಎರಡೂ ಕಿವಿಗೆ ಕೇಳಿಸುವ ಮಿಷನ್ ಹಾಕಿದ್ದು ಸೂಜಿಯೇ. ಆಮೇಲೆ ಮನೆ ಬದಲಾಯಿತು. ಟೀವಿ ತಗ್ಗಿತು. ಗಂಟಕ್ಕನ ಮಾತು ಇಳಿದು ಇಳಿದು, ಅರ್ಧ ಗಂಟೆಗೊಂದು ಪ್ರಶ್ನೆಗೆ ಬಂದು ನಿಂತಿತು. "ಇದೇನೇ ಟಕಟಕ? ನಲ್ಲಿಯಾ? ದಿನಾ ಹೀಗೇ ಸೋರುತ್ತಾ?" ತನ್ನ ಸೀರೆಯ ಸರಸರ ಸದ್ದಿಗೆ ತಾನೇ ತಿರುಗಿ ನೋಡುವಳು. ಸೂಜಿಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಕೊರಳಿನ ಹಗ್ಗ ಇನ್ನೂ ಬಿಗಿದಿತ್ತು. ಮೊದಲು ಹೋಗು ಎನ್ನಲು ಸಂಕೋಚ ಮಾತ್ರ ಇತ್ತು, ಈಗ ಪಾಪವೂ ಸೇರಿತು. "ಅಯ್ಯೋ, ಕಿವಿ ಕೇಳದವರನ್ನ ಹೇಗೆ ಕಳಿಸ್ತೀಯೇ?" ಎಂದಳು ಅಮ್ಮ. ಬೆಳಿಗ್ಗೆ ಎದ್ದರೆ ಕಿಟಕಿಯ ಮೂಲೆಯಲ್ಲಿ ಅದೇ ಹೊಲಿಗೆ ಮಿಷನ್ನು, ಅದೇ ಬಾಗಿದ ಬೆನ್ನು. ಹಲ್ಲುಜ್ಜುವ ಸದ್ದನ್ನೂ ಯಾರೋ ಕೇಳುತ್ತಿದ್ದಾರೆ ಎಂಬ ಹಿಂಸೆ.

ಒಂದು ಸಂಜೆ ರಿಸೆಪ್ಷನ್ನಿನ ಹುಡುಗಿಯ ಫೋನು ಬಂತು. ಹಳೆಯ ಅಭ್ಯಾಸ, ಸೂಜಿ ಬಾಲ್ಕನಿಗೆ ಹೋಗಿ ಬೆನ್ನು ತಿರುಗಿಸಿ ನಿಂತು ಪಿಸುಗುಟ್ಟಿದಳು: "ಎಲ್ಲಿ ಹೋಗ್ತಾರೆ? ಜನ್ಮಕ್ಕೆ ಅಂಟಿಕೊಂಡ ಹಾಗಾಯ್ತು. ನನ್ನ ಮನೇಲೇ ನನಗೆ ಉಸಿರು ಕಟ್ಟುತ್ತೆ ಕಣೆ."

ಒಳಗೆ ಹೊಲಿಗೆ ಮಿಷನ್ನು ನಿಂತಿತು.

ಸೂಜಿ ತಿರುಗಿದಳು. ಗಂಟಕ್ಕ ಇವಳನ್ನೇ ನೋಡುತ್ತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಎಷ್ಟು ದಿನದಿಂದ ಹೀಗೆ ಅನ್ನಿಸ್ತಿದೆ?"

"ಅಕ್ಕಾ, ಅದು ಹಾಗಲ್ಲ..."

"ಹಾಗೇ. ಈಗ ಸುಳ್ಳು ಹೇಳ್ಬೇಡ, ಸುಳ್ಳಿನ ದನಿಯೂ ಕೇಳಿಸುತ್ತೆ ನಂಗೆ. ನೇರವಾಗಿ ಯಾಕೆ ಹೇಳಲಿಲ್ಲ?"

"ಹೇಳಿದೆ. ನಿಂಗೆ ಕೇಳಿಸ್ಲಿಲ್ಲ."

"ಮೆಲ್ಲಗೆ ಹೇಳಿರ್ತೀಯ. ಕೇಳಿಸದೇ ಇರ್ಲಿ ಅಂತಾನೇ ಹೇಳಿರ್ತೀಯ. ಅಲ್ವಾ?"

ಹೌದು ಎನ್ನದೆ ಬೇರೆ ದಾರಿ ಇರಲಿಲ್ಲ. ಸೂಜಿಗೆ ಅಳು ಉಕ್ಕಿ ಬಂತು; ಅಳುವಿನ ಜೊತೆಗೇ ಎರಡು ತಿಂಗಳಿಂದ ಗಂಟಲಲ್ಲಿ ಕೂತಿದ್ದದ್ದೂ ಬಂತು. "ನೀನು ಬೇರೆ ಮನೆ ನೋಡ್ಕೋಬೇಕು ಅಕ್ಕಾ! ನಂಗೆ ಒಬ್ಳೇ ಇರ್ಬೇಕು!" ಕ್ಲಿನಿಕ್ಕಿನ ಅಜ್ಜಂದಿರಿಗೆ ಹೇಳುವ ದನಿಯಲ್ಲೇ ಕೂಗಿಬಿಟ್ಟಳು.

ಗಂಟಕ್ಕ ಎರಡೂ ಕಿವಿ ಮುಚ್ಚಿಕೊಂಡಳು. "ಅಷ್ಟು ಜೋರು ಬೇಡ ಕಣೆ, ತಲೆ ಸಿಡಿಯುತ್ತೆ," ಎಂದಳು. ಆಮೇಲೆ ಅರ್ಧ ಹೊಲಿದಿದ್ದ ರವಿಕೆಯನ್ನು ಮತ್ತೆ ಮಿಷನ್ನಿಗೆ ಕೊಟ್ಟಳು. ಅದು ನಾಳೆ ಕೊಡಬೇಕಾದ ರವಿಕೆ.

ತಮ್ಮ ಬಂದು ಕರೆದ, ಗಂಟಕ್ಕ ಹೋಗಲಿಲ್ಲ. ಎರಡು ಬೀದಿಯಾಚೆ, ಟೈಲರ್ ಅಂಗಡಿಯ ಮಾಳಿಗೆಯಲ್ಲಿ ಒಂದು ಕೋಣೆ ಹಿಡಿದಳು. ಹೊಲಿಗೆ ಮಿಷನ್ನನ್ನು ಇಬ್ಬರೂ ಒಂದೊಂದು ಕಡೆ ಹಿಡಿದು ಮೆಟ್ಟಿಲು ಹತ್ತಿಸಿದರು. ಆ ದಿನ ಮಾತು ಹೆಚ್ಚಾಗಿರಲಿಲ್ಲ. ನಂತರದ ಕೆಲವು ವಾರ ಫೋನಿನಲ್ಲೂ ಇರಲಿಲ್ಲ. ಆಮೇಲೆ ಒಂದು ದಿನ ಗುಂಪಿನಲ್ಲಿ ಯಾರೋ ಕೇಳಿದ ದಾರದ ಪ್ರಶ್ನೆಗೆ ಇಬ್ಬರೂ ಒಟ್ಟಿಗೆ ಉತ್ತರ ಹಾಕಿದರು, ಅದೂ ಬೇರೆಬೇರೆ ಉತ್ತರ. ಆ ಜಗಳದಿಂದ ಮತ್ತೆ ಮಾತು ಹತ್ತಿತು.

ಈಗ ಭಾನುವಾರಗಳಲ್ಲಿ ಸೂಜಿ ಆ ಮಾಳಿಗೆಗೆ ಹೋಗುತ್ತಾಳೆ. ಕೆಲವು ಭಾನುವಾರ ಮನಸ್ಸಿರುವುದಿಲ್ಲ. ಆಗ ಫೋನು ಮಾಡಿ ಹೇಳುತ್ತಾಳೆ.

"ಈ ವಾರ ಬರಲ್ಲ ಅಕ್ಕಾ."

"ಯಾಕೇ, ಹುಷಾರಿಲ್ವಾ?"

"ಹುಷಾರಾಗಿದ್ದೀನಿ. ಸುಮ್ನೆ, ಬರಲ್ಲ."

"ಸರಿ," ಎನ್ನುತ್ತಾಳೆ ಗಂಟಕ್ಕ.

ಫೋನಿಟ್ಟ ಮೇಲೆ ಸೂಜಿ ಬಾಗಿಲು ಹಾಕಿಕೊಂಡು ಕಿಟಕಿಯ ಮೂಲೆಯಲ್ಲಿ ಚೌಕಟ್ಟು ಹಿಡಿದು ಕೂರುತ್ತಾಳೆ. ಆದರೆ ಆ 'ಸರಿ'ಯಲ್ಲಿ ಬೇಸರ ಇತ್ತೋ ಇಲ್ಲವೋ ಎಂದು ಯೋಚಿಸುತ್ತಾ, ಮಧ್ಯಾಹ್ನದವರೆಗೂ ಒಂದು ಹೊಲಿಗೆಯನ್ನೂ ಹಾಕಲಾಗುವುದಿಲ್ಲ.