ಒದೆಯುವ ಕಾಲು

ಗುರಲಿಂಗಪ್ಪನಿಗೆ ತಂಗಿಯನ್ನು ಕಂಡರೆ ಆಗುತ್ತಿರಲಿಲ್ಲ. ಆದರೂ ದಿನಕ್ಕೆರಡು ಬಾರಿ ಅವಳನ್ನು ಬೆನ್ನ ಮೇಲೆ ಹೊರುತ್ತಿದ್ದ. ವಿಲೆ ಪಾರ್ಲೆಯ ಚಾಳಿನಿಂದ ಸ್ಟೇಷನ್ನಿನವರೆಗೆ ಕೈಗಾಡಿ, ಅಲ್ಲಿಂದ ಲೋಕಲ್, ದಾದರಿನಲ್ಲಿ ಇಳಿದ ಮೇಲೆ ಸೇತುವೆಯ ಮೆಟ್ಟಿಲುಗಳಿಗೆ ಅವನ ಬೆನ್ನು. ಪೋಲಿಯೋ ಬಡಿದು ಚಿಕ್ಕಂದಿನಲ್ಲೇ ಎರಡೂ ಕಾಲು ಬತ್ತಿ, ಊರುಗೋಲುಗಳ ಮೇಲೆ ನಾಲ್ಕು ಹೆಜ್ಜೆ ಮಾತ್ರ ಹಾಕಬಲ್ಲವಳಾಗಿದ್ದ ಸೇವಂತಿ ದಾದರಿನ ಒಂದು ವಿಮಾ ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದಳು. ಗುರಲಿಂಗಪ್ಪ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವನು, ಆಳುಗಳ ಮೇಸ್ತ್ರಿಯಾದ ಜಾಬರನ ಕಪಾಳಕ್ಕೆ ಬಾರಿಸಿ ಹೊರಬಿದ್ದಿದ್ದ. ಆಮೇಲೆ ಬೇರೆ ಯಾವ ಗಿರಣಿಯೂ ಅವನನ್ನು ಬಾಗಿಲೊಳಗೆ ಬಿಟ್ಟುಕೊಳ್ಳಲಿಲ್ಲ. ಮನೆ ನಡೆಯುತ್ತಿದ್ದುದು ಅವಳ ಪಗಾರದಿಂದ, ಅವಳು ನಡೆಯುತ್ತಿದ್ದುದು ಅವನ ಕಾಲಿನಿಂದ. ಇದು ಇಬ್ಬರಿಗೂ ತಿಳಿದಿತ್ತು. ಇಬ್ಬರ ಗಂಟಲಲ್ಲೂ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

"ಏನ್ ತಿಂತೀಯವಾ? ಸಿಮೆಂಟ್ ಚೀಲ ಆಗೀದಿ," ಎಂದು ಅವನು ಸೇತುವೆಯ ನಡುವೆ ನಿಂತು, ಜನ ಕೇಳುವಂತೆ ಏದುಸಿರು ಬಿಡುತ್ತಿದ್ದ.

"ನೀ ಗಳಿಸಿದ್ದು ತಿಂದಿದ್ರ ಇಷ್ಟೊತ್ತಿಗೆ ಗಾಳಿಗೆ ಹಾರಿ ಹೋಗತಿದ್ನಿ. ನಡಿ, ನಡಿ," ಎಂದು ಅವಳು ಅವನ ಕಿವಿಯಲ್ಲೇ ಹೇಳುತ್ತಿದ್ದಳು.

ಒಂದು ಸಂಜೆ ಅವಳು ಊಟದ ತಟ್ಟೆಯ ಮುಂದೆ ಕುಳಿತು ಅಪ್ಪಣೆ ಕೊಟ್ಟಂತೆ ಹೇಳಿದಳು: "ಅಣ್ಣಾ, ನನಗ ಒಂದು ಮೂರು ಗಾಲಿ ಮೋಟಾರ್ ಗಾಡಿ ಮಾಡಿಕೊಡು. ಎಲ್ಲಾ ಕೈಲೇನ ನಡೀಬೇಕು. ನಿನ್ನ ಬೆನ್ನಿನ ಬೆವರಿನ ನಾತ ನನಗ ಸಾಕಾಗೇತಿ."

ಅವನು ನಕ್ಕುಬಿಟ್ಟ. ಆದರೆ ಬಹುಕಾಲದಿಂದ ಕಬ್ಬಿಣ ಮುಟ್ಟದ ಕೈಗಳು ಅಂದೇ ತುರಿಸತೊಡಗಿದವು. ಕುರ್ಲಾದ ಗುಜರಿಯಲ್ಲಿ ಒಂದು ಹಳೆಯ ಮೋಟಾರ್ ಸೈಕಲ್ಲು ಸಿಕ್ಕಿತು. ಚಾಳಿನ ಹಿಂದಿನ ತಗಡಿನ ಗೂಡು ಕಾರ್ಖಾನೆಯಾಯಿತು. ತಾಯಿ ಹಾಲವ್ವ ಗ್ರೀಸಿನ ಕಲೆಗಳನ್ನು ಶಪಿಸಿದಳು. ಪಕ್ಕದ ಖೋಲಿಯ ಕಾಶವ್ವ ಸುತ್ತಿಗೆಯ ಸದ್ದಿಗೆ ಕಿವಿಯಲ್ಲಿ ಹತ್ತಿ ತುರುಕಿಕೊಂಡು ಓಡಾಡಿದಳು. ಅವನು ಯಾರನ್ನೂ ಲೆಕ್ಕಿಸಲಿಲ್ಲ. ಹಿಂದಿನ ಚಕ್ರವನ್ನು ಕಳಚಿ, ಅಲ್ಲಿ ಎರಡು ಚಕ್ರಗಳ ಅಗಲವಾದ ಅಚ್ಚು ಕೂರಿಸಿದ. ಎರಡೂ ಚಕ್ರಗಳನ್ನು ಅಚ್ಚಿಗೆ ಬಿಗಿದಾಗ ಗಾಡಿ ತಿರುವಿನಲ್ಲಿ ಹಟಮಾರಿ ಎತ್ತಿನಂತೆ ನೇರಕ್ಕೇ ಎಳೆಯಿತು. ಅದನ್ನು ಬಿಚ್ಚಿ, ಬಲಗಡೆಯ ಚಕ್ರಕ್ಕೆ ಮಾತ್ರ ಚೈನಿನ ಎಳೆತ ಕೊಟ್ಟು, ಎಡಗಡೆಯದನ್ನು ತನ್ನಷ್ಟಕ್ಕೆ ತಿರುಗಲು ಬಿಟ್ಟ. ಕಾಲಿನ ಬ್ರೇಕು ಕೈಗೆ ಬಂತು. ಗೇರಿನ ಹಿಡಿಕೆ ಟಾಂಕಿಯ ಪಕ್ಕಕ್ಕೆ ಬಂತು. ಇನ್ನು ಎಂಜಿನ್ನು: ಅದನ್ನು ಅವನು ಎಷ್ಟು ನಾಜೂಕಾಗಿ ಹದಮಾಡಿದನೆಂದರೆ, ಒಂದೇ ಒದೆತಕ್ಕೆ ಎದ್ದು ಗುಡುಗುತ್ತಿತ್ತು. ಕಾಶವ್ವನನ್ನು ಕರೆದು, "ಆಯಿ, ನೀ ಒದಿ ನೋಡೂಣು," ಎಂದ. ಮುದುಕಿ ಸೀರೆ ಹಿಡಿದುಕೊಂಡು ಚಪ್ಪಲಿಗಾಲಲ್ಲಿ ಮೆಲ್ಲಗೆ ಒತ್ತಿದಳು, ಎಂಜಿನ್ನು ಎದ್ದಿತು. ಚಾಳಿಗೆ ಚಾಳೇ ಚಪ್ಪಾಳೆ ತಟ್ಟಿತು. ಗಿರಣಿ ಬಿಟ್ಟ ಮೇಲೆ ಗುರಲಿಂಗಪ್ಪ ಮೀಸೆ ತಿರುವಿದ್ದು ಅಂದೇ ಮೊದಲು.

ಸೇವಂತಿ ಚಪ್ಪಾಳೆ ತಟ್ಟಲಿಲ್ಲ. ಊರುಗೋಲುಗಳ ಮೇಲೆ ಭಾರ ಹಾಕಿ ಗಾಡಿಯ ಸುತ್ತ ಬಂದಳು. ಪ್ರತಿಯೊಂದು ಹಿಡಿಕೆಯನ್ನೂ ಎಳೆದು ನೋಡಿದಳು. ಕೊನೆಗೆ ಕೋಲಿನ ತುದಿಯಿಂದ ಕಿಕ್ಕನ್ನು ತಟ್ಟಿದಳು.

"ಎಲ್ಲಾ ಕೈಗೆ ಬಂತು. ಇದು?"

"ಅದು ಕೈಗೆ ಬರಾಂಗಿಲ್ಲ."

"ಬರಾಂಗಿಲ್ಲೋ, ನೀ ತರಾಂಗಿಲ್ಲೋ?"

"ಗಾಡಿ ಮಾಡಾಂವ ನಾನೋ ನೀನೋ? ಮುಂಜಾನೆ ಇಲ್ಲಿ ನಾ ಒದೀತೀನಿ. ಸಂಜೀಕ ನಿನ್ನ ಆಫೀಸಿನ ಮುಂದ ನಾ ಒದೀತೀನಿ. ಹಿಂದ ಸೀಟು ಯಾಕ ಮಾಡೀನಿ ಅಂತ ತಿಳದೀ?"

"ಬೆನ್ನ ಮ್ಯಾಲಿಂದ ನಾ ಇಳಿದೆ ಅನ್ನೂದ್ರಾಗ, ನೀ ನನ್ನ ಬೆನ್ನಿಗೆ ಬಿದ್ದಿ," ಎಂದು ಅವಳು ಮುಖ ತಿರುಗಿಸಿದಳು.

ಕಿಕ್ಕಿಗೆ ಒಂದು ಸರಳು ಬೆಸೆದು ಅವಳ ಕೈಗೆ ಎಟಕುವಂತೆ ತರುವುದು ಅವನಿಗೆ ಒಂದು ಮಧ್ಯಾಹ್ನದ ಕೆಲಸ. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೆ ಆ ಸರಳು ಬೆಸೆದ ಮರುದಿನ ಈ ಮನೆಯಲ್ಲಿ ತಾನು ಯಾರು? ಕುಳಿತು ಉಣ್ಣುವ ಅಣ್ಣ. ಆ ಹೆಸರನ್ನು ಹೊರುವುದಕ್ಕಿಂತ ಸೇತುವೆಯ ಮೇಲೆ ಇವಳನ್ನು ಹೊರುವುದೇ ಮೇಲಾಗಿತ್ತು.

ಗಾಡಿ ರಸ್ತೆಗಿಳಿಯಿತು. ಸೇವಂತಿಯ ಕೈ ಬೇಗನೆ ಪಳಗಿತು. ಹಿಂದಿನ ಸೀಟಿನಲ್ಲಿ ಗುರಲಿಂಗಪ್ಪ ದೊರೆಯಂತೆ ಕುಳಿತು, "ಬ್ರೇಕ್! ಗೇರ್ ಇಳಸು! ಬಸ್ ಬಂತು, ಕಣ್ಣು ಕಾಣ್ಸಂಗಿಲ್ಲೇನು?" ಎಂದು ಮಾಹೀಮಿನುದ್ದಕ್ಕೂ ಅರಚುತ್ತಿದ್ದ. ಒಂದು ಮುಂಜಾನೆ ಅವಳು ಕಚೇರಿಯ ಮುಂದೆ ಗಾಡಿ ನಿಲ್ಲಿಸಿ, ಸಹೋದ್ಯೋಗಿಗಳ ಎದುರಿನಲ್ಲೇ, "ನಾಳಿಂದ ಬಾಯಿಗೆ ಬೀಗ ಹಾಕ್ಕೊಂಡು ಹತ್ತು, ಇಲ್ಲಾ ಮನ್ಯಾಗ ಕುಂದ್ರು," ಎಂದಳು.

"ಸಂಜೀಕ ಮನೀಗೆ ಹೆಂಗ ಬರ್ತೀ ನೋಡೇ ಬಿಡತೀನಿ," ಎಂದು ಅವನು ಕೆಂಡವಾಗಿ ನಡೆದುಬಿಟ್ಟ.

ಸಂಜೆ ಅವನು ಬಂದ. ಆದರೆ ಎದುರಿಗೆ ಬರಲಿಲ್ಲ. ರಸ್ತೆಯ ಆಚೆಯ ಪಾನಪಟ್ಟಿ ಅಂಗಡಿಯ ನೆರಳಿನಲ್ಲಿ ನಿಂತು, ಎಲೆಗೆ ಸುಣ್ಣ ಸವರುತ್ತ ನೋಡಿದ. ಕಚೇರಿ ಖಾಲಿಯಾಯಿತು. ಸೇವಂತಿ ಗಾಡಿಯಲ್ಲಿ ಕುಳಿತು ಬೀದಿಯ ಎರಡೂ ಕಡೆ ಕಣ್ಣು ಹಾಯಿಸಿದಳು. ಅವಳ ಕೊರಳು ಹಾಗೆ ಹೊರಳಿದಾಗಲೆಲ್ಲ ಗುರಲಿಂಗಪ್ಪನ ಬಾಯಲ್ಲಿ ಎಲೆ ಇನ್ನಷ್ಟು ರುಚಿಯಾಯಿತು. ಇನ್ನು ತುಸು ಹೊತ್ತು, ಅವಳ ಕಣ್ಣಲ್ಲಿ ನೀರು ಬರಲಿ, ಆಗ ಮೆಲ್ಲಗೆ ಹೋಗಿ, "ಯಾಕವಾ, ಗಾಡಿ ಕೈಲೇ ಎದ್ದೇಳಲಿಲ್ಲೇನು?" ಎಂದು ಕೇಳಬೇಕು. ಆ ಮಾತನ್ನು ಅವನು ನಾಲಿಗೆಯ ಮೇಲೆ ಹೊರಳಿಸಿ ಹೊರಳಿಸಿ ಹದಗೊಳಿಸಿದ.

ಅಷ್ಟರಲ್ಲಿ ಮೀನು ಮಾರಿ ಖಾಲಿ ಬುಟ್ಟಿ ಹೊತ್ತು ಬರುತ್ತಿದ್ದ ಬೆಸ್ತರ ಹೆಂಗಸು, ಕೋಳಿಣಿಯೊಬ್ಬಳನ್ನು ಸೇವಂತಿ ಕೂಗಿ ಕರೆದಳು. "ಮಾವಶೀ! ಜರಾ ಏಕ ಕಿಕ್ ಮಾರಾ ನಾ!"

"ಕುಠೇ ಮಾರೂ, ಬಾಯ್? ತುಲಾ ಕೀ ಗಾಡೀಲಾ?" ಎಂದು, ಒದೆಯುವುದು ಅವಳನ್ನೋ ಗಾಡಿಯನ್ನೋ ಎಂಬಂತೆ ನೋಡಿ ಕೋಳಿಣಿ ಗಹಗಹಿಸಿ, ಬುಟ್ಟಿ ಇಳಿಸಿ, ಕಚ್ಚೆ ಬಿಗಿದು, ಬರಿಗಾಲಿನಿಂದ ಒಂದು ಒತ್ತು ಕೊಟ್ಟಳು.

ಒಂದೇ ಒದೆತ. ಎಂಜಿನ್ನು ಎದ್ದು ಗುಡುಗಿತು.

ಗುರಲಿಂಗಪ್ಪನ ಬಾಯಲ್ಲಿದ್ದ ಎಲೆ ಹಾಗೇ ನಿಂತಿತು. ಒಂದು ಸ್ಕ್ರೂ ಅರ್ಧ ಸುತ್ತು ಸಡಿಲ ಬಿಟ್ಟಿದ್ದರೆ ಸಾಕಿತ್ತು, ತನ್ನ ಕಾಲಿಗಲ್ಲದೆ ಎಂಜಿನ್ನು ಏಳುತ್ತಿರಲಿಲ್ಲ. ಆದರೆ ಹಾಗೆ ಬಿಡಲು ಅವನ ಕೈ ಒಪ್ಪುವಂಥದ್ದಲ್ಲ. ಮೀಸೆ ತಿರುವಿದ ದಿನವೇ ತನ್ನ ಕುರ್ಚಿಯ ಕಾಲನ್ನು ತಾನೇ ಕೊಯ್ದುಕೊಂಡಿದ್ದ. ಕಾಲುಗಳಿಗೇನು, ಇಡೀ ಮುಂಬಯಿ ತುಂಬ ಕಾಲುಗಳೇ.

ಕೋಳಿಣಿ ಬುಟ್ಟಿಯೊಡನೆ ಹಿಂದಿನ ಸೀಟು ಏರಿದಳು. ಅವಳ ಮನೆ ಮಾಹೀಮಿನಲ್ಲಿತ್ತು. ಗಾಡಿ ತಿರುಗುವಾಗ ಸೇವಂತಿ ಪಾನಪಟ್ಟಿಯ ಕಡೆ ನೋಡಿದಳು. ಬಹುಶಃ ಅವನನ್ನು ಆಗಲೇ ಕಂಡಿದ್ದಳು.

"ಲೋಕಲ್ ಹಿಡದು ಬಾ, ಅಣ್ಣಾ. ಗರ್ದಿ ಭಾಳ ಐತಿ, ಜ್ವಾಕಿ!"

ಮನೆಯಲ್ಲಿ ಅವನಿಗೆ ಇನ್ನೊಂದು ಆಸೆ ಉಳಿದಿತ್ತು. ಸೀಟಿನ ಮೀನಿನ ವಾಸನೆಯನ್ನು ತಾಯಿಗೆ ತಾನೇ ತೋರಿಸಿಕೊಟ್ಟ. ನಿತ್ಯ ಲಿಂಗಪೂಜೆ ಮಾಡುವ ಹಾಲವ್ವ ಮೂಗಿಗೆ ಸೆರಗೊತ್ತಿ ಅಬ್ಬರಿಸಿದಳು: "ಮೀನಿನ ಬುಟ್ಟಿ ಇಟ್ಟ ಗಾಡಿ ನನ್ನ ಹೊಸ್ತಿಲ ಮುಂದ ನಿಂದ್ರಬಾರದು! ನಾಳಿಂದ ಅಣ್ಣನ ಕೂಡನ ಹೋಗಬೇಕು ನೀ!"

"ಹಂಗಾರ ಆ ಗಾಡ್ಯಾಗ ಬರೂ ಪಗಾರನೂ ಹೊಸ್ತಿಲ ಹೊರಗ ಇಡ್ಲೇನವಾ?" ಎಂದಳು ಸೇವಂತಿ.

ಹಾಲವ್ವ ಗೊಣಗುತ್ತ ಒಂದು ಕೊಡ ನೀರು ತಂದು ಸೀಟಿನ ಮೇಲೆ ಸುರಿದಳು. ಪಂಚಾಯಿತಿ ಅಲ್ಲಿಗೆ ಮುಗಿಯಿತು.

ಮರುದಿನ ಬೆಳಿಗ್ಗೆ ಗುರಲಿಂಗಪ್ಪ ಬಾಯಲ್ಲಿ ಹಲ್ಲುಪುಡಿ ಹಾಕಿಕೊಂಡು, ಕದಲುವುದಿಲ್ಲವೆಂಬ ಹಟದಿಂದ ಬಾಗಿಲಲ್ಲಿ ನಿಂತಿದ್ದ. ಸೇವಂತಿ ಅವನನ್ನು ಕಂಬವೆಂಬಂತೆ ದಾಟಿ ಹೋಗಿ ಗಾಡಿ ಏರಿದಳು. ಹಾಲಿನ ಭಯ್ಯಾ ಕ್ಯಾನುಗಳನ್ನು ಇಳಿಸುತ್ತಿದ್ದ.

"ಭಯ್ಯಾ, ಜರಾ ಕಿಕ್ ಮಾರೋ."

ಭಯ್ಯಾ ಗರಡಿಯ ಆಳು. ಎಗರಿ, ಮೈಭಾರವನ್ನೆಲ್ಲ ಒಮ್ಮೆಲೇ ಕಿಕ್ಕಿನ ಮೇಲೆ ಬಿಟ್ಟ. ಒಳಗೆ ಗೇರಿನ ಹಲ್ಲಿಗೆ ಹಲ್ಲು ಬಡಿದು ಕಟಾರೆಂದಿತು. ಗುರಲಿಂಗಪ್ಪನಿಗೆ ತನ್ನ ಮೊಣಕಾಲೇ ಮುರಿದಂತಾಯಿತು. ಭಯ್ಯಾ ಎರಡನೆಯ ಸಲ ಎಗರಲು ಅಣಿಯಾದ.

"ಅರೇ ಗಧೇ! ಐಸಾ ನಹೀಂ!" ಹಲ್ಲುಪುಡಿ ಉಗುಳುತ್ತ ಗುರಲಿಂಗಪ್ಪ ಓಡಿ ಬಂದ; ಭಯ್ಯಾನ ಕಾಲನ್ನು ಎರಡೂ ಕೈಯಿಂದ ಹಿಡಿದು ಕಿಕ್ಕಿನ ಮೇಲಿಟ್ಟು, ಬಿಗಿ ಹತ್ತುವವರೆಗೆ ಮೆಲ್ಲಗೆ ಒತ್ತಿಸಿದ. "ಪಹಲೇ ಧೀರೇ ದಬಾ... ಟೈಟ್ ಲಗಾ? ಹಾಂ. ಅಬ್ ಮಾರ್!"

ಎಂಜಿನ್ನು ಎದ್ದಿತು. ಸೇವಂತಿ ತಿರುಗಿಯೂ ನೋಡದೆ ಗೇರು ಹಾಕಿ ಹೊರಟುಹೋದಳು.

"ಬಹುತ್ ಆಸಾನ್ ಹೈ, ಸಾಬ್," ಎಂದು ಭಯ್ಯಾ, ಇನ್ನು ದಿನಾಲೂ ತಾನೇ ಒದೆಯುವ ಉಮೇದಿನಲ್ಲಿ ಹಿಗ್ಗಿದ. "ಅಬ್ ರೋಜ್ ಮೈಂ ಹೀ ಮಾರ್ ದೂಂಗಾ."

"ಪಹಲೇ ಜಾಕೇ ಅಪನೇ ದೂಧ್ ಮೇಂ ಪಾನೀ ಡಾಲ್!" ಎಂದು ಗುರಲಿಂಗಪ್ಪ ಅವನನ್ನು ಹಾಲಿನ ಕ್ಯಾನುಗಳತ್ತ ದೂಡುತ್ತ ಅರಚಿದ.