ಬಾಚಿಟ್ಟ ಕುಂಬಳಬಳ್ಳಿ

ತಂಗಿಯ ಎರಡು ವರ್ಷದ ದುಡಿಮೆ ಅಂದು ಅಕ್ಕನ ಕುಂಬಳದ ಹೊಲದಲ್ಲಿ ಪರೀಕ್ಷೆಗೆ ನಿಂತಿತ್ತು. ಉಪಗ್ರಹ ತೆಗೆದ ಚಿತ್ರ ನೋಡಿಯೇ ಹೊಲದಲ್ಲಿ ಎಷ್ಟು ಎಲೆಯಿದೆ ಎಂದು ಹೇಳುವುದು ಅವಳ ಕೆಲಸ. ಇಲ್ಲಿ ಒಂದು ಚದರ ಮೀಟರ್ ನೆಲಕ್ಕೆ ಮೂರು ಚದರ ಮೀಟರ್ ಎಲೆ ಎಂದು ಅವಳ ಲೆಕ್ಕ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲಮ್ಮ. ನೆಲದಲ್ಲೂ ಮೂರೇ ಬಂದ್ರೆ ಮುಂದುವರಿಸೋಣ, ಇಲ್ಲದಿದ್ರೆ ಇಲ್ಲಿಗೇ ನಿಲ್ಲಿಸೋಣ" ಎಂದಿದ್ದ ಅವಳ ಸಂಸ್ಥೆಯ ಮುಖ್ಯಸ್ಥರು ಖುದ್ದಾಗಿ ಬಂದಿದ್ದರು.

ದಾರಿಯ ಪಕ್ಕದಲ್ಲೇ ತಂಗಿ ಮೀಟರಿನ ಚೌಕಟ್ಟು ಇಟ್ಟು, ಒಳಗಿದ್ದ ಎಲೆಗಳನ್ನೆಲ್ಲ ಕಿತ್ತು, ಒಂದೊಂದನ್ನೇ ಅಳತೆಯ ಯಂತ್ರಕ್ಕೆ ತೂರಿಸಿದಳು. ಬಂದದ್ದು ಒಂದೂವರೆ. ಮೂರೆಂದು ಡಂಗುರ ಸಾರಿದವಳು ಈಗ ಯಾವ ಮುಖ ಇಟ್ಟುಕೊಂಡು ತಲೆ ಎತ್ತುವುದು? ಮುಖ್ಯಸ್ಥರು ಕನ್ನಡಕ ಒರೆಸತೊಡಗಿದರು.

ತಂಗಿ ಕಣ್ಣೊರೆಸಿಕೊಳ್ಳಲು ಅಕ್ಕನ ಮನೆಯ ಹಿಂದಕ್ಕೆ ಹೋದರೆ, ಗೊಬ್ಬರದ ಗುಂಡಿಯಲ್ಲಿ ಕುಂಬಳದ ಎಲೆಗಳ ರಾಶಿ!

"ಅಕ್ಕಾ, ಇದೇನೇ?" ಹಿಂದೆಯೇ ಬಂದಿದ್ದ ಅಕ್ಕನನ್ನು ಕೇಳಿದಳು.

"ತೂತು ಬಿದ್ದಿದ್ದು, ಧೂಳು ಹಿಡಿದಿದ್ದು ಎಲ್ಲಾ ನಿನ್ನೆ ಕಿತ್ತು ಹಾಕ್ದೆ. ನಿಮ್ಮ ಸಾಹೇಬ್ರು ಬರ್ತಾರೆ ಅಂದ್ಯಲ್ಲ! ನೆಂಟರು ಬರೋವಾಗ ಮಗುಗೆ ತಲೆ ಬಾಚಲ್ವೇನೇ?"

"ಚಿತ್ರ ಮೊನ್ನೇನೇ ತೆಗೆದಾಯ್ತಲ್ಲೇ, ನನ್ನ ತಾಯಿ! ಇಡೀ ಹೊಲ ಬೋಳಿಸಿದ್ಯಾ?"

ಅಕ್ಕ ದನಿ ತಗ್ಗಿಸಿದಳು. "ಇಡೀ ಹೊಲಕ್ಕೆ ನನಗೆಲ್ಲಿ ಪುರುಸೊತ್ತು? ದಾರಿಗೆ ಕಾಣೋವಷ್ಟೇ. ಒಳಗೆ ಯಾರು ನೋಡ್ತಾರೆ ಅಂತ..."

ಅಕ್ಕ ಎಂದರೆ ಅಕ್ಕನೇ. ಯಾರಾದರೂ ಬರುತ್ತಾರೆಂದರೆ ಮುಂದಿನ ಕೋಣೆ ಫಳಫಳ, ಉಳಿದ ಸಾಮಾನೆಲ್ಲ ಮಂಚದ ಕೆಳಗೆ. ತಂಗಿಗೆ ಅಳುವಿನ ನಡುವೆಯೇ ನಗು ಬಂತು.

ಚೌಕಟ್ಟು ಹೊತ್ತು ಹೊಲದ ನಡುವಿಗೆ ಓಡಿದಳು. "ಅಲ್ಲಿಗೆ ಬೇಡ ಕಣೇ, ಕಳೆ ಬೇರೆ ಬೆಳೆದಿದೆ, ನನ್ನ ಮರ್ಯಾದೆ ಹೋಗುತ್ತೆ!" ಎಂದು ಕೂಗುತ್ತ ಅಕ್ಕ ಬೆನ್ನು ಹತ್ತಿದಳು. ವಿಷಯ ಕೇಳಿ ಮುಖ್ಯಸ್ಥರೂ ಪ್ಯಾಂಟು ಮಡಚಿ ಇಳಿದರು. ಮೂವರೂ ಕುಕ್ಕರುಗಾಲಲ್ಲಿ ಕೂತು ಕಿತ್ತರು. ತೂತಿನ ಎಲೆ, ಧೂಳಿನ ಎಲೆ, ಕಳೆಯ ಎಲೆ, ಒಂದನ್ನೂ ಬಿಡಲಿಲ್ಲ. ಯಂತ್ರ ಮೂರಕ್ಕೆ ಕೂದಲೆಳೆಯಷ್ಟು ಈಚೆ ಬಂದು ನಿಂತಿತು. ತಂಗಿ ಮಣ್ಣಿನ ಕೈಯಲ್ಲೇ ಅಕ್ಕನನ್ನು ತಬ್ಬಿಕೊಂಡಳು.

"ಕಳೇನೂ ಲೆಕ್ಕಕ್ಕೆ ಬರುತ್ತಾ, ಸಾರ್?" ಅಕ್ಕ ಸಂಕೋಚದಿಂದ ಕೇಳಿದಳು.

"ಮೇಲಿಂದ ನೋಡೋದಕ್ಕೆ ಎಲೆ ಅಂದ್ರೆ ಎಲೆ, ಅಷ್ಟೇ ಅಮ್ಮಾ. ಅದಕ್ಕೆ ಮುಂಬಾಗಿಲೂ ಇಲ್ಲ, ಹಿತ್ತಿಲೂ ಇಲ್ಲ." ಮುಖ್ಯಸ್ಥರು ನಗುತ್ತ ತಂಗಿಯ ಕಡೆ ತಿರುಗಿದರು. "ಮುಂದಿನ ಹೊಲ ಯಾವುದಮ್ಮಾ?"

ತಂಗಿ ಉತ್ತರಿಸುವಷ್ಟರಲ್ಲಿ ಅಕ್ಕ ಒಮ್ಮೆ ಆಕಾಶದತ್ತ ನೋಡಿ, ಕೆದರಿದ್ದ ತನ್ನ ಕೂದಲನ್ನು ಗಡಿಬಿಡಿಯಲ್ಲಿ ಸರಿಮಾಡಿಕೊಂಡಳು.